ಕಪಾಟಿನಿಂದ ಪುಟಕ್ಕೆ: ವಿದ್ಯಾರ್ಥಿಗಳ ಸಂಗ್ರಹಕಾರ್ಯ ಮತ್ತು ಅಧ್ಯಾಪಕರ ಗಣಕ ಕಲಿಕೆ

ಕನ್ನಡ ಸ್ನಾತಕೋತ್ತರ ತರಗತಿಗಳ ವಿದ್ಯಾರ್ಥಿಗಳು ಕ್ಷೇತ್ರಕಾರ್ಯ ಕೈಗೊಂಡು ವೃತ್ತಿಪದ, ಗಾದೆ, ಸ್ಥಳನಾಮಗಳನ್ನು ಸಂಗ್ರಹಿಸುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಕಿರುಪ್ರಬಂಧವಾಗಿ ಸಲ್ಲಿಕೆಯಾದ ಈ ಬರಹ ಅಂಕ ಪಡೆದ ಮೇಲೆ ಸಾಮಾನ್ಯವಾಗಿ ವಿಭಾಗದ ಕಪಾಟನ್ನು ಸೇರುತ್ತದೆ. ಮುಂದಿನ ತಂಡದವರು ಅದೇ ಊರಿಗೆ ಹೋಗಿ ಅವೇ ಪದಗಳನ್ನು ಮತ್ತೆ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಹೇಳಬಲ್ಲ ಹಿರಿಯರು ಇಲ್ಲವಾಗಿರಲೂಬಹುದು. ಗಣಕ ಬಂದ ಮಾತ್ರಕ್ಕೆ ಈ ಸ್ಥಿತಿ ಬದಲಾಗಲಿಲ್ಲ. ವಿದ್ಯಾರ್ಥಿಗಳ ಕಲಿಕೆ ಇತರರಿಗೂ ದೊರಕಬೇಕಾದರೆ ಅಧ್ಯಾಪಕರು ಗಣಕದಲ್ಲಿ ಯಾವುದನ್ನು ಕಲಿಯಬೇಕು ಎಂಬುದನ್ನು ಪ್ರಸ್ತುತ ಲೇಖನ ಮೂರು ನೆಲೆಗಳಲ್ಲಿ ಪರಿಶೀಲಿಸುತ್ತದೆ.

1. ಲಿಪಿಸಂಕೇತದ ನೆಲೆ

ಕನ್ನಡದಲ್ಲಿ ಬೆರಳಚ್ಚು ಮಾಡಲು ಬರುವುದು ಬೇರೆ, ಬೆರಳಚ್ಚು ಮಾಡಿದ್ದು ಕನ್ನಡವಾಗಿ ಉಳಿಯುವುದು ಬೇರೆ. ಬರಹ, ನುಡಿ ತಂತ್ರಾಂಶಗಳು ಕನ್ನಡಿಗರಿಗೆ ಗಣಕದ ಬಾಗಿಲು ತೆರೆದವು. ಅವುಗಳ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ತಲೆಕಟ್ಟು, ಕೊಂಬು, ಒತ್ತು ಮೊದಲಾದ ತುಣುಕುಗಳನ್ನು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳು ಕಾಣುತ್ತವೆ. ಇಂಥ ಕಡತದಲ್ಲಿರುವ ‘ರಂಟೆ’ ಎಂಬ ಪದ ಕಾಗದದ ಮೇಲೆ ಸರಿಯಾಗಿಯೇ ಮುದ್ರಿತವಾಗುತ್ತದೆ. ಅದನ್ನೇ ಕನ್ನಡದಲ್ಲಿ ಹುಡುಕಿದವರಿಗೆ ಮಾತ್ರ ಸಿಗುವುದಿಲ್ಲ.

1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಸ್ಥಾನಗಳು ದೊರೆತವು. ಇಲ್ಲಿ ಸಂಕೇತ ಸಲ್ಲುವುದು ಆಕಾರದ ತುಣುಕಿಗಲ್ಲ, ವರ್ಣಕ್ಕೆ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ‘ಯ’ದ ನಂತರ ಕಂಡರೂ ಒಳಗೆ ದಾಖಲಾಗುವ ಅನುಕ್ರಮ ಉಚ್ಚಾರಣೆಯದು: ಮೊದಲು ರೇಫ, ಬಳಿಕ ಯಕಾರ. ಸಂಯುಕ್ತಾಕ್ಷರದ ಪಾಠ ಮಾಡುವ ಕನ್ನಡ ಅಧ್ಯಾಪಕರಿಗೆ ಈ ತರ್ಕ ಹೊಸದಲ್ಲ. ಹಾಗಾಗಿ ಗಣಕ ಕಲಿಕೆಯನ್ನು ಅವರು ತಮ್ಮ ಶಾಸ್ತ್ರದಿಂದಲೇ ಆರಂಭಿಸಬಹುದು.

ಅವರ ಶಾಸ್ತ್ರಜ್ಞಾನ ಮುಂದೆಯೂ ಬೇಕಾಗುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಳ’ಕಾರವು ‘ಲ’ಕಾರದ ಬೆನ್ನಿಗೇ ಇದೆ, ಕನ್ನಡ ವರ್ಣಮಾಲೆಯಲ್ಲಿ ಅದು ‘ಹ’ಕಾರದ ನಂತರ ಬರುತ್ತದೆ. ಕೇವಲ ಸಂಕೇತದ ಕ್ರಮದಲ್ಲಿ ಜೋಡಿಸಿದ ಪದಕೋಶ ನಿಘಂಟಿನ ಅಕಾರಾದಿಗೆ ಹೊಂದುವುದಿಲ್ಲ. ಯಂತ್ರ ಜೋಡಿಸಿಕೊಟ್ಟದ್ದನ್ನು ಪರಿಶೀಲಿಸುವ ಹೊಣೆ ಅಧ್ಯಾಪಕರಲ್ಲಿಯೇ ಉಳಿಯುತ್ತದೆ.

2. ತಿದ್ದುವ ಪುಟದ ನೆಲೆ

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. 2013ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದ ಭಾಷಾ ವಿದ್ಯಾರ್ಥಿಗಳು ವಿಕಿಪೀಡಿಯಕ್ಕೆ ಬರೆಯುವುದನ್ನು ತಮ್ಮ ಅಭ್ಯಾಸದ ಭಾಗವಾಗಿಸಿಕೊಂಡರು. ಪ್ರೌಢಶಾಲಾ ಶಿಕ್ಷಕರು ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆಯೂ ವಿಕಿ ಮಾದರಿಯನ್ನೇ ಅನುಸರಿಸಿದೆ.

ವಿಕಿ ಪುಟದ ಇತಿಹಾಸದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕ ಸಹಿತ ಉಳಿಯುತ್ತದೆ. ಚರ್ಚೆಯ ಪುಟದಲ್ಲಿ ಭಿನ್ನಾಭಿಪ್ರಾಯ ದಾಖಲಾಗುತ್ತದೆ. ಒಬ್ಬರು ‘ನೇಗಿಲು’ ಎಂದು ಬರೆದಿದ್ದನ್ನು ಉತ್ತರ ಕರ್ನಾಟಕದ ಸಹಪಾಠಿ ‘ನಮ್ಮಲ್ಲಿ ರಂಟೆ’ ಎಂದು ಪೂರ್ತಿಗೊಳಿಸಿದರೆ ಎರಡೂ ರೂಪಗಳು ಉಳಿಯುತ್ತವೆ. ಅಧ್ಯಾಪಕರಿಗೆ ಇದರಿಂದ ಹೊಸ ಕೆಲಸವೊಂದು ಬರುತ್ತದೆ. ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಿ ಹಿಂದಿರುಗಿಸುವ ಬದಲು ಎಲ್ಲರೆದುರು ಕಾರಣ ಕೊಟ್ಟು ತಿದ್ದಬೇಕಾಗುತ್ತದೆ. ತಮ್ಮ ತಿದ್ದುಪಡಿಯನ್ನೇ ವಿದ್ಯಾರ್ಥಿ ಪ್ರಶ್ನಿಸಿದಾಗ ಸಾವಧಾನದಿಂದ ಉತ್ತರಿಸಬೇಕಾಗುತ್ತದೆ. ಗುಂಡಿಗಳನ್ನು ಒತ್ತುವುದಕ್ಕಿಂತ ಕಷ್ಟದ ಕಲಿಕೆ ಇದು.

ಒಂದು ಮಿತಿಯನ್ನು ಮೊದಲೇ ತಿಳಿಸಬೇಕು. ವಿಕಿಪೀಡಿಯವು ಪ್ರಕಟಿತ ಆಧಾರಗಳನ್ನು ಕೇಳುತ್ತದೆ. ಸ್ವತಂತ್ರ ಸಂಶೋಧನೆಯನ್ನು ಸ್ವೀಕರಿಸುವುದಿಲ್ಲ. ಆದ್ದರಿಂದ ಕ್ಷೇತ್ರಕಾರ್ಯದ ಮೂಲ ಸಾಮಗ್ರಿಗೆ ವಿಭಾಗದ ಸ್ವಂತ ವಿಕಿ ಅಥವಾ ದಾಖಲೆಕೋಶ ತಕ್ಕ ಜಾಗ. ಯಾವ ಬರಹ ಎಲ್ಲಿಗೆ ಸಲ್ಲುತ್ತದೆಂಬ ವಿವೇಕವೂ ಸಂಶೋಧನ ವಿಧಾನದ ಪಾಠವೇ.

3. ಒಡೆತನ ಮತ್ತು ಒಪ್ಪಿಗೆಯ ನೆಲೆ

ಹಂಚುವುದೆಂದರೆ ಹೆಸರು ಅಳಿಸುವುದಲ್ಲ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾಗುತ್ತದೆ. ಅದನ್ನು ಯಾರೂ ಬಳಸಬಹುದು. ಬರೆದವರನ್ನು ಉಲ್ಲೇಖಿಸಬೇಕು, ಮಾರ್ಪಡಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ವಿದ್ಯಾರ್ಥಿಗಳ ಸಂಗ್ರಹ ಮಾರ್ಗದರ್ಶಕರ ಹೆಸರಿನಲ್ಲಿ ಕರಗಿಹೋಗದಂತೆ ಕಾಯಲು ಈ ವ್ಯವಸ್ಥೆ ನೆರವಾಗುತ್ತದೆ.

ವಕ್ತೃಗಳ ವಿಷಯ ಇನ್ನೂ ಸೂಕ್ಷ್ಮ. ಜಗಲಿಯ ಮೇಲೆ ಕುಳಿತು ಹಾಡಿದವರು ತಮ್ಮ ದನಿ ಲೋಕಕ್ಕೆಲ್ಲ ಕೇಳಿಸಲೆಂದು ಹಾಡಿರಲಾರರು. ಧ್ವನಿಮುದ್ರಣ ಎಲ್ಲಿ ಇರುತ್ತದೆ, ಯಾರು ಕೇಳಬಹುದು ಎಂಬುದನ್ನು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು. ಅವರು ಬೇಡವೆಂದರೆ ಅದು ಕಪಾಟಿನಲ್ಲಿಯೇ ಉಳಿಯಬೇಕು.

ಒಟ್ಟಿನಲ್ಲಿ, ತಂತ್ರಾಂಶಗಳು ಬದಲಾಗುತ್ತಲೇ ಇರುತ್ತವೆ. ಒಂದರ ಬಳಕೆಯನ್ನು ಮಾತ್ರ ಕಲಿತವರು ಮತ್ತೊಂದು ಬಂದಾಗ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಬರಹ ಹುಡುಕಿದರೆ ಸಿಗುವಂತಿರಬೇಕು, ತಿದ್ದಿದ್ದು ಕಾಣುವಂತಿರಬೇಕು, ಕೊಟ್ಟವರ ಹೆಸರೂ ಒಪ್ಪಿಗೆಯೂ ಜೊತೆಗಿರಬೇಕು ಎಂಬ ಮೂರು ತತ್ತ್ವಗಳನ್ನು ತಿಳಿದವರಿಗೆ ಯಾವ ಸಾಧನವೂ ಪರಕೀಯವಲ್ಲ. ಮುಂದಿನ ತಂಡದ ವಿದ್ಯಾರ್ಥಿಗಳು ಹಿಂದಿನವರು ನಿಲ್ಲಿಸಿದಲ್ಲಿಂದ ತಮ್ಮ ಕೆಲಸ ಆರಂಭಿಸುವಂತಾದಾಗ ಅಧ್ಯಾಪಕರ ಈ ಕಲಿಕೆ ಸಾರ್ಥಕವಾಗುತ್ತದೆ.