ಗೋಕರ್ಣದ ಕಡಲ ಗುಡ್ಡಗಳ ಕಾಲುದಾರಿ

ನಮ್ಮ ರಾಜ್ಯದ ಕರಾವಳಿಯು 300 ಕಿಲೋಮೀಟರಿಗೂ ಮಿಗಿಲಾದ ಉದ್ದವುಳ್ಳದ್ದು. ಅದರ ದಕ್ಷಿಣಭಾಗವು ಬಹುಮಟ್ಟಿಗೆ ನೇರವಾದ ಮರಳುದಂಡೆ. ಪಣಂಬೂರು, ಮಲ್ಪೆಗಳಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಮರಳೇ. ಉತ್ತರ ಕನ್ನಡ ಜಿಲ್ಲೆಗೆ ಬಂದೊಡನೆ ಚಿತ್ರ ಬದಲಾಗುತ್ತದೆ. ಸಹ್ಯಾದ್ರಿಯ ಕವಲುಗಳು ಇಲ್ಲಿ ಕಡಲವರೆಗೂ ಚಾಚಿ, ಕೈಬೆರಳುಗಳಂತೆ ನೀರಿಗಿಳಿದಿವೆ. ಇಂತಹ ಚಾಚನ್ನು ಭೂಗೋಳಶಾಸ್ತ್ರವು ಭೂಶಿರವೆಂದು ಕರೆಯುತ್ತದೆ. ಎರಡು ಭೂಶಿರಗಳ ನಡುವೆ ಒಂದು ಕೊಲ್ಲಿ, ಆ ಕೊಲ್ಲಿಯ ಮಡಿಲಲ್ಲಿ ಒಂದಿಷ್ಟು ಮರಳು. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಕಂಡ ಈ ರಚನೆಯನ್ನು ಕಾಲ್ನಡಿಗೆಯಲ್ಲಿ ಓದಿಕೊಳ್ಳಲು ಗೋಕರ್ಣಕ್ಕಿಂತ ತಕ್ಕ ಸ್ಥಳವನ್ನು ನಾನರಿಯೆ.

ಗೋಕರ್ಣವು ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ಈ ಎರಡು ನದಿಗಳ ನಡುವಿನ ಕ್ಷೇತ್ರ. ಸಮೀಪದ ಹನೇಹಳ್ಳಿ ಯಶವಂತ ಚಿತ್ತಾಲರ ಹುಟ್ಟೂರೆಂಬುದನ್ನು ಕನ್ನಡ ಐಚ್ಛಿಕದ ಮಿತ್ರರಿಗೆ ನೆನಪಿಸಬೇಕಾಗಿಲ್ಲ. ಊರ ಮುಂದಿನ ಕಡಲತೀರದ ದಕ್ಷಿಣದ ತುದಿಯಲ್ಲಿ ಗುಡ್ಡ ಹತ್ತಿದರೆ ಕಾಲುದಾರಿ ಮೊದಲಾಗುತ್ತದೆ. ಮೊದಲು ಸಿಕ್ಕುವುದು ಕುಡ್ಲೆ. ಮತ್ತೊಂದು ಗುಡ್ಡ ದಾಟಿದರೆ ಓಂ ತೀರ. ಅದರಾಚೆ ಹಾಫ್ ಮೂನ್, ಕಡೆಗೆ ಬೆಲೆಕಾನದ ಬಳಿಯ ಪ್ಯಾರಡೈಸ್. ಕೊನೆಯ ಎರಡು ಹೆಸರುಗಳು ಹೊರಗಿನಿಂದ ಬಂದವೆಂದು ಕೇಳಿದವರಿಗೇ ತಿಳಿಯುತ್ತದೆ. ಓಂ ತೀರದ ನಡುವೆ ಬಂಡೆಗಳ ಸಾಲೊಂದು ನುಗ್ಗಿ ಮರಳನ್ನು ಎರಡು ಕಮಾನುಗಳಾಗಿ ಒಡೆದಿದೆ. ಮೇಲಿನಿಂದ ನೋಡಿದವರಿಗೆ ಅದು ಓಂಕಾರದಂತೆ ಕಂಡು ಆ ಹೆಸರು ನಿಂತಿತು. ನಿಧಾನವಾಗಿ ನಡೆದರೂ ಒಟ್ಟು ದಾರಿಗೆ ಅರ್ಧ ದಿನ ಸಾಕು.

ಮೊದಲು ಕಾಲ ಕೆಳಗಿನ ನೆಲವನ್ನು ನೋಡೋಣ. ಬೆಂಗಳೂರಿನವರಾದ ನಮಗೆ ಬಂಡೆಯೆಂದರೆ ಲಾಲ್‌ಬಾಗಿನ ಬಂಡೆ, ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಅಂಚಿನವರೆಗೆ ಹೋಗಿ ನಿಂತರೂ ಅದು ಕೈಬಿಡುವುದಿಲ್ಲ. ಗೋಕರ್ಣದ ಗುಡ್ಡಗಳ ನೆತ್ತಿಯಲ್ಲಿರುವುದು ಜಂಬಿಟ್ಟಿಗೆ. ಹೆಚ್ಚು ಮಳೆ, ಹೆಚ್ಚು ಬಿಸಿಲು ಒಂದಾದ ಮೇಲೆ ಒಂದರಂತೆ ಲಕ್ಷಾಂತರ ವರ್ಷ ಬಿದ್ದಾಗ, ಮೂಲ ಶಿಲೆಯಲ್ಲಿ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಈ ಕೆಂಪು ಕಲ್ಲಾಗುತ್ತದೆ. ಅಗೆಯುವಾಗ ಮೆದು, ಗಾಳಿಗೆ ಒಡ್ಡಿದರೆ ಗಟ್ಟಿ. ಮೈಸೂರು, ಕೆನರಾ, ಮಲಬಾರುಗಳಲ್ಲಿ 1800-01ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂದರ್ಥ. ನಮ್ಮ ಜಂಬಿಟ್ಟಿಗೆಯಲ್ಲಿಯೂ ಇಟ್ಟಿಗೆಯೇ ಇದೆ.

ಈ ಹೊದಿಕೆಯ ಕೆಳಗೆ ಬಹುಕಡೆ ಶೇಡಿಮಣ್ಣು ಎಂಬ ನುಣುಪಾದ ಜೇಡಿಯ ಪದರವಿರುತ್ತದೆ. ಮಳೆಯ ನೀರು ಕಲ್ಲಿನ ತೂತುಗಳಲ್ಲಿ ಇಳಿದು ಈ ಮಣ್ಣನ್ನು ಒಳಗಿಂದೊಳಗೇ ಕೊರೆಯುತ್ತದೆ. ಮೇಲಿನ ಕಲ್ಲು ಚಾವಣಿಯಂತೆ ಹೊರಚಾಚಿ ನಿಂತು, ಒಂದು ದಿನ ತುಂಡಾಗಿ ಬೀಳುತ್ತದೆ. ನಡೆಯುವವನಿಗೆ ಮೇಲಿನಿಂದ ಇದಾವುದೂ ಕಾಣಿಸದು. ಅವನ ಕಣ್ಣಿಗೆ ಅದು ಸಮತಟ್ಟಾದ ಕಲ್ಲುಹಾಸು. ಆದುದರಿಂದ ನಮ್ಮೂರ ಬಂಡೆಯ ಮೇಲೆ ಕಲಿತ ಧೈರ್ಯವನ್ನು ಅಲ್ಲಿಗೆ ಕೊಂಡೊಯ್ಯುವಂತಿಲ್ಲ. ಮಳೆಗೆ ನೆನೆದ ಗುಡ್ಡ ಏನು ಮಾಡಬಲ್ಲದೆಂಬುದನ್ನು ಅಲ್ಲಿಂದ ಹೆಚ್ಚು ದೂರವಿಲ್ಲದ ಶಿರೂರಿನಲ್ಲಿ 2024ರ ಜುಲೈ 16ರಂದು ನಾಡೆಲ್ಲ ಕಂಡಿತು. ಹೆದ್ದಾರಿಯ ಪಕ್ಕದ ಗುಡ್ಡವು ಜನರನ್ನೂ ವಾಹನಗಳನ್ನೂ ಸೇರಿಸಿಕೊಂಡು ಗಂಗಾವಳಿಯ ನೀರಿಗೆ ಕುಸಿಯಿತು.

ಇನ್ನು ಕಡಲಿನ ಕೆಲಸ. ದೂರದಿಂದ ಬರುವ ಅಲೆಯ ಸಾಲು ನೇರವಾಗಿರುತ್ತದೆ. ಭೂಶಿರದ ಮುಂದೆ ನೀರು ಬೇಗ ಆಳ ಕಳೆದುಕೊಳ್ಳುವುದರಿಂದ ಅಲೆಯ ಆ ಭಾಗ ನಿಧಾನವಾಗುತ್ತದೆ. ಕೊಲ್ಲಿಯ ಎದುರಿನ ಭಾಗ ಮುಂದೆ ಓಡುತ್ತದೆ. ಹೀಗೆ ಸಾಲು ಬಾಗಿ, ಭೂಶಿರವನ್ನು ಮೂರು ಕಡೆಯಿಂದಲೂ ಅಪ್ಪಿಕೊಂಡು ಬಡಿಯುತ್ತದೆ. ಅಲೆಯ ಬಲವೆಲ್ಲ ಬಂಡೆಯ ಮೇಲೆ ಒಟ್ಟಾಗುತ್ತದೆ, ಕೊಲ್ಲಿಯಲ್ಲಿ ಹರಡಿ ಸಡಿಲವಾಗುತ್ತದೆ. ಸಡಿಲವಾದೆಡೆಯಲ್ಲಿ ಮರಳು ನಿಲ್ಲುತ್ತದೆ. ಕುಡ್ಲೆಯ ಮರಳು ಉಳಿದಿರುವುದು ಅದರ ಎರಡು ಬದಿಯ ಗುಡ್ಡಗಳು ಪೆಟ್ಟು ತಿನ್ನುತ್ತಿರುವುದರಿಂದ ಎಂದರೆ ತಪ್ಪಾಗಲಾರದು.

ಈ ವಿಷಯವನ್ನು ನಾನು ಮನೆಯಲ್ಲಿ ವಿವರಿಸಿದಾಗ ನಮ್ಮ ತಂದೆಯವರು ಒಂದು ಪ್ರಶ್ನೆ ಹಾಕಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ವಸಂತಪುರ, ಸುಬ್ರಹ್ಮಣ್ಯಪುರಗಳ ಸುತ್ತ ಹೊಲಗದ್ದೆಗಳಿದ್ದ ಕಾಲದಲ್ಲಿ ಕೆರೆಯ ನೀರು ಕಟ್ಟಿ ಬೆಳೆದವರು. "ಅಲ್ಲಾ ಮಗಾ, ಅಷ್ಟು ನೀರು ಒಂದೇ ಸಮ ದಡಕ್ಕೆ ಬರ್ತಾ ಇದ್ರೆ, ಅದು ವಾಪಸ್ ಹೋಗೋ ತೂಬು ಎಲ್ಲೈತೆ?" ಎಂದರು. ಪಠ್ಯಪುಸ್ತಕವನ್ನು ಎರಡು ಬಾರಿ ಓದಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಡೀ ಲೇಖನದ ಗುರಿಯೇ ಅದರ ಉತ್ತರ.

ಕೊಲ್ಲಿಗೂ ತೂಬುಂಟು. ಅಲೆಗಳು ತಂದು ಸುರಿದ ನೀರು ದಂಡೆಯ ಉದ್ದಕ್ಕೂ ಸರಿದು, ತಳದಲ್ಲಿ ಎಲ್ಲಿ ತಗ್ಗಿನ ಕಾಲುವೆಯುಂಟೋ ಅಲ್ಲಿ ಸೇರಿ, ಕಿರಿದಾದ ಸೆಳೆತವಾಗಿ ಕಡಲಿಗೆ ಮರಳುತ್ತದೆ. ತೆರೆದ ದಂಡೆಯಲ್ಲಿ ಇದರ ಸ್ಥಳ ಬದಲಾಗುತ್ತಿರುತ್ತದೆ. ಆದರೆ ಬಂಡೆಗಳಿರುವ ಕೊಲ್ಲಿಯಲ್ಲಿ ನೀರು ಬಂಡೆಗೆ ತಾಗಿ ತಿರುಗುವುದರಿಂದ, ಸೆಳೆತವು ಬಹಳಮಟ್ಟಿಗೆ ಭೂಶಿರದ ಬುಡದಲ್ಲಿ, ದಂಡೆಯ ಮೂಲೆಯಲ್ಲಿಯೇ ಇರುತ್ತದೆ. ಗುಡ್ಡದ ಕಾಲುದಾರಿ ಬಂದಿಳಿಯುವುದೂ ಅದೇ ಮೂಲೆಗೆ! ಬಿಸಿಲಿನಲ್ಲಿ ಗುಡ್ಡ ಹತ್ತಿಳಿದು ಬೆವೆತವನಿಗೆ ಮೊದಲು ಎದುರಾಗುವ ನೀರು ಅದು. ಸೆಳೆತದ ಕಾಲುವೆ ಆಳವಾದುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಬಿಳಿನೊರೆಯ ನಡುವೆ ಅದೊಂದು ಪಟ್ಟಿ ಶಾಂತವಾಗಿ ಕಾಣುತ್ತದೆ. ಈಜು ಬಾರದವನು ಶಾಂತವಾದ ನೀರನ್ನೇ ಆರಿಸಿಕೊಳ್ಳುತ್ತಾನೆ, ಕೆರೆಬಾವಿಗಳ ನಾಡಿನವನಿಗೆ ಅದು ಸಹಜವಾದ ವಿವೇಕ.

ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅದಕ್ಕೆ ಎದುರಾಗಿ ದಡದತ್ತ ಈಜಿ ಈಜಿ ಸೋತವನು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ, ಬಂಡೆಗಳಿಂದ ದೂರಕ್ಕೆ ಅಡ್ಡ ಈಜಿದರೆ ಆ ಕಿರಿದಾದ ಪಟ್ಟಿಯಿಂದ ಹೊರಬಂದು, ಅಲೆಯೊಡನೆ ಮರಳಬಹುದು. ಈಜು ಬಾರದವರಿಗೆ ಈ ಉಪಾಯದಿಂದ ಏನೂ ಆಗದು. ಅವರು ಮೂಲೆಯಲ್ಲಿ ಇಳಿಯದಿರುವುದೊಂದೇ ದಾರಿ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ತೀರಿಕೊಂಡ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸ ಬಂದವರು. ಬಯಲುಸೀಮೆಯ ನಮ್ಮ ಶಾಲೆಗಳಲ್ಲಿ ಭೂಶಿರದ ಚಿತ್ರ ಬರೆಸುತ್ತಾರೆ, ಅಂಕ ಕೊಡುತ್ತಾರೆ. ಚಿತ್ರದ ಮೂಲೆಯಲ್ಲಿ ನೀರು ಹೊರಹೋಗುವ ಬಾಣದ ಗುರುತೊಂದನ್ನು ಹಾಕಿಸುವುದು ಅಷ್ಟು ಕಷ್ಟವೆ? ನಮ್ಮ ಅಧ್ಯಾಪಕರು ಈ ಮಾತನ್ನು ಉದ್ಧಟತನವೆಂದು ಎಣಿಸಬಾರದಾಗಿ ಬೇಡುತ್ತೇನೆ.

ಹೊರಡುವವರು ಉಬ್ಬರ ಇಳಿತಗಳ ಲೆಕ್ಕವನ್ನೂ ನೋಡಿಕೊಳ್ಳಬೇಕು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದಿನ ಹೊತ್ತಿಗಿಂತ ನಾಳೆಯದು 50 ನಿಮಿಷದಷ್ಟು ತಡ. ಹುಣ್ಣಿಮೆ ಅಮಾವಾಸ್ಯೆಗಳ ಸುಮಾರಿಗೆ ಏರಿಳಿತ ಹೆಚ್ಚು. ಇಳಿತದಲ್ಲಿ ಬುಡದ ಬಂಡೆಗಳ ಮೇಲೆಯೇ ಹಾದುಹೋಗಬಹುದೆಂದು ಕಾಣುವ ಕಡೆಗಳಲ್ಲಿ, ಹಿಂತಿರುಗುವ ಹೊತ್ತಿಗೆ ದಾರಿಯೇ ಇರುವುದಿಲ್ಲ. ನೀರು ಇಳಿದ ಬಂಡೆ ಪಾಚಿಯಿಂದ ಜಾರುತ್ತದೆ. ಗುಡ್ಡದ ಮೇಲಿನ ದಾರಿ ಸುತ್ತಾದರೂ ಅದೇ ಮೇಲು. ಮಳೆಗಾಲದಲ್ಲಂತೂ ಎರಡೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ.

ಪ್ಯಾರಡೈಸನ್ನು ದಾಟಿ ಬೆಲೆಕಾನದ ಕಡೆಗೆ ಬಂದರೆ ಗುಡ್ಡಗಳ ಸಾಲು ಮುಗಿಯುತ್ತದೆ. ಮುಂದೆ ತದಡಿಯ ಬಂದರು, ಅಣೆಕಟ್ಟು ಕಾಣದ ಅಘನಾಶಿನಿಯ ಅಳಿವೆ. 2024ರಲ್ಲಿ ಈ ಅಳಿವೆಯು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಇಲ್ಲಿಯ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಬಳಚು ಆಯುತ್ತಾರೆ. ಅವರ ಕೈಯಲ್ಲಿ ಗಡಿಯಾರ ಬೇಕಿಲ್ಲ. ನೀರು ತಿರುಗಿತೆಂದು ಕಾಲಿಗೆ ತಿಳಿದೊಡನೆ ಬುಟ್ಟಿ ಎತ್ತಿಕೊಂಡು ದಡ ಸೇರುತ್ತಾರೆ.