ಹದಿಮೂರರ ಲೆಕ್ಕ

ಗೋವಾದ ಜೊತೆಗಿನ ಹೊಳೆನೀರಿನ ಜಗಳದಲ್ಲಿ 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಟಿವಿಯವರು ಹೇಳಿದ್ದೇ ತಡ, ನಮ್ಮ ಗುಳೇದಗುಡ್ಡದಲ್ಲಿ ಫೇಡೆ ಹಂಚಿದರು. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟು ತುಂಬದ ವರ್ಷಗಳನ್ನು ಕಂಡವರು ನಾವು. ನಳಕ್ಕೆ ನೀರು ಬಾರದಾಗ ಕುಪ್ಪಸದ ಖಣದ ನೂಲಿಗೆ ಬಣ್ಣ ಹಾಕುವವರ ಪಾಡೂ ಗೊತ್ತು. ಸಂತೋಷಪಡಲು ಕಾರಣ ಇತ್ತು.

ಆದರೆ ಆ 13.42 ಬಿಡಿಸಿದರೆ ಏನಾಗುತ್ತದೆ? ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಮಲಪ್ರಭೆಗೆ ಬರುವುದು ಇವೆರಡೇ, ಒಟ್ಟು 3.9. ಇನ್ನು 1.5 ಮಹದಾಯಿ ಕೊಳ್ಳದ ಊರುಗಳಿಗೇ. ಉಳಿದ 8.02 ಟಿಎಂಸಿ ಜಲವಿದ್ಯುತ್ತಿಗೆ: ಚಕ್ರ ತಿರುಗಿಸಿದ ನೀರು ಮತ್ತೆ ಮಹದಾಯಿಗೇ ಇಳಿಯುತ್ತದೆ.

ತೀರ್ಪಿನ ಬಗ್ಗೆ ಊರ ಗುಡಿಯ ಅಂಗಳದಲ್ಲಿ ಸೇರಿದ್ದ ಸಭೆಯಲ್ಲಿ ನಾನು ಇದನ್ನೇ ಎದ್ದು ಹೇಳಿದೆ. ಮೊದಲು ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಸೋದರಮಾವ ಹಿಂದಕ್ಕೆ ತಿರುಗಿ, "ಏಯ್ ಕುಂದ್ರೋ, ನಾಕ್ ಅಕ್ಷರ ಕಲ್ತೀ ಅಂತ ಹಿರ್ಯಾರ ಮುಂದ ಲೆಕ್ಕಾ ಹೇಳಾಕ ಬಂದೀಯೇನು? ಗೋವಾದವ್ರ ಪರ ಮಾತಾಡ್ತೀ?" ಎಂದರು. ಆ ಕೊನೆಯ ಮಾತು ಬಿದ್ದ ಮೇಲೆ ಸಭೆಯ ಮುಖವೇ ಬದಲಾಯಿತು. ಯಾರೋ ನನ್ನ ಕೈಯಲ್ಲಿದ್ದ ಹಾಳೆ ಕಿತ್ತುಕೊಂಡರು. ಚಿಕ್ಕಂದಿನಿಂದ ಕಂಡ ಮಂದಿಯೇ "ಹೊರಗ ಹಾಕ್ರಿ ಅವನ್ನ" ಎಂದರು. ನನ್ನ ತಾಯಿ ಹೆಂಗಸರ ಸಾಲಿನಲ್ಲಿದ್ದಳು. ತಮ್ಮನ ಮಾತಿಗೆ ಎದುರಾಡಲಾರದೆ, ಮಗನನ್ನು ನೋಡಲಾರದೆ ಸೆರಗು ಮುಖಕ್ಕೆ ಹಿಡಿದಳು. ನಾನು ಕೂರಲಿಲ್ಲ. ಸಭೆ ಮುಗಿಯುವ ತನಕ ನಿಂತೇ ಇದ್ದೆ. ಇವತ್ತಿಗೂ ಆ ಹಟದ ಬಗ್ಗೆ ನನಗೆ ಅಭಿಮಾನವಿದೆ.

ಆಮೇಲೆ ನೀರು ತಿರುಗಿಸುವ ಯೋಜನೆಯ ನಕ್ಷೆ ಕೇಳಲು ಒಂದು ಕಚೇರಿಗೆ ಹೋದರೆ ಅಲ್ಲಿಯ ಸಾಹೇಬರು ತಲೆ ಎತ್ತದೆ, "ನೀರು ಬಂದ್ರ ಸಾಕಿಲ್ಲೋ, ನಕ್ಷೆ ಯಾಕ ನಿಮಗ?" ಎಂದರು. ಹೀಗಾಗಿ ಮಳೆಗಾಲದಲ್ಲಿ ನಾನೇ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋದೆ. ಮಲಪ್ರಭೆ ಹುಟ್ಟುವುದೂ ಅಲ್ಲೇ, ಕಳಸಾ ಹಳ್ಳವೂ ಅಲ್ಲೇ. ನಡುವಿನ ದಿಬ್ಬ ಮಲಪ್ರಭೆಯನ್ನು ಮೂಡಣಕ್ಕೂ ಕಳಸಾವನ್ನು ಪಡುವಣಕ್ಕೂ ಕಳಿಸುತ್ತದೆ. 2006ರಲ್ಲಿ ಶುರುವಾದ ಕಾಲುವೆ ಕಾಡು ಸೀಳಿಕೊಂಡು ಹೋಗಿದ್ದನ್ನು ನೋಡಿದೆ. ಅಲ್ಲಿಯ ಮುದುಕಿಯೊಬ್ಬಳು ಮರಾಠಿಯಲ್ಲಿ, ಹಳ್ಳ ಒಯ್ದರೆ ನಮ್ಮ ಬಾವಿಗಳ ಗತಿಯೇನು ಎಂದು ಕೇಳಿದಳು. ನಮ್ಮ ಸಭೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪಕ್ಕದಲ್ಲೇ ಭೀಮಗಡ ಅಭಯಾರಣ್ಯ, ಹುಲಿಗಳು ಓಡಾಡುವ ದಾರಿ. ಯೋಜನೆಗೆ ಅನುಮತಿ ತಡವಾಗುವುದಕ್ಕೆ ಗೋವಾದ ಹಟವೊಂದೇ ಕಾರಣವಲ್ಲ. ಕಾಡಿನ ಲೆಕ್ಕವನ್ನು ನಮ್ಮವರು ಮೊದಲೇ ಹಾಕಲಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿದ ಮೇಲೂ ವನ್ಯಜೀವಿ ಮಂಡಳಿಯ ಬಾಗಿಲಲ್ಲಿ ಅದು ನಿಂತಿತು.

ನೀರಿನ ಯೋಜನೆಗೆ ಕೈ ಎತ್ತುವವರು ಒಟ್ಟು ಅಂಕಿ ಕೇಳಿ ಸುಮ್ಮನಾಗಬೇಡಿ. ಕುಡಿಯಲು ಎಷ್ಟು, ವಿದ್ಯುತ್ತಿಗೆ ಎಷ್ಟು, ಹೊಳೆಗೆ ಮರಳುವುದೆಷ್ಟು ಎಂದು ಬಿಡಿಸಿ ಕೇಳಿ. ಯಾವ ತಿಂಗಳ ನೀರು ಎಂದೂ ಕೇಳಿ. ಹಳ್ಳ ಹುಟ್ಟುವ ಊರಿಗೆ ಹೋಗಿ ಅಲ್ಲಿಯವರನ್ನು ಮಾತಾಡಿಸಿ.

ಮಾಮಾ ಇನ್ನೂ 13.42 ಅಂತಲೇ ಭಾಷಣ ಮಾಡುತ್ತಾರೆ. ತೀರ್ಪಿನ ಆ ಭಾಗವನ್ನು ಕನ್ನಡದಲ್ಲಿ ಬರೆದು ಅವರ ಮನೆಗೆ ಕೊಟ್ಟು ಬಂದಿದ್ದೇನೆ. ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.