ಸಣ್ಣ ಟ್ರ್ಯಾಕ್ಟರು ಎಷ್ಟು ಎಳೆದೀತು?

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಕುಟುಂಬವೊಂದು ಬಹುಕಾಲ ಬೀಳು ಬಿದ್ದಿದ್ದ ತನ್ನ ಐದಾರು ಎಕರೆಯಲ್ಲಿ ಮನೆ ಕಟ್ಟಿಕೊಂಡು, ಅಲ್ಲಿಯೇ ನೆಲೆಸಿ ಸಾಗುವಳಿ ಮಾಡಲು ನಿಶ್ಚಯಿಸಿತೆಂದು ಭಾವಿಸೋಣ. ಅವರು 24 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರೊಂದನ್ನು ಕೊಂಡರು. ಅದರ ಹಿಂದೆ ಏನನ್ನು ಕಟ್ಟಬೇಕು? ಕಲ್ಟಿವೇಟರು, ಪಲ್ಟಿ ನೇಗಿಲು, ರೋಟಾವೇಟರು, ಮಣ್ಣು ಸಮ ಮಾಡುವ ಬ್ಲೇಡು, ಕೂರಿಗೆ, ಗುಂಡಿ ತೋಡುವ ಯಂತ್ರ, ಟ್ರೇಲರು ಎಂದು ಅಂಗಡಿಯವರ ಪಟ್ಟಿ ಉದ್ದವಾಗಿಯೇ ಇರುತ್ತದೆ. ಎಲ್ಲವನ್ನೂ ಕೊಳ್ಳಲು ಸಾಲ ಮಾಡಬೇಕಾದೀತು. ತಪ್ಪಾದುದನ್ನು ಕೊಂಡರೆ ಸಾಲವೂ ಉಳಿದು ಸಲಕರಣೆಯೂ ಮೂಲೆಗೆ ಬಿದ್ದೀತು. ಈ ಆಯ್ಕೆಗೆ ಬೇಕಾದ ಲೆಕ್ಕವು ಪ್ರೌಢಶಾಲೆಯ ಭೌತವಿಜ್ಞಾನವನ್ನು ಮೀರಿದುದಲ್ಲ. ಅದನ್ನೇ ನಾವಿಲ್ಲಿ ಮಾಡಿ ನೋಡೋಣ.

ಮೊದಲು ನೆಲದ ಮಾತು. ನರಗುಂದದ ಸುತ್ತಲೂ ರೋಣದ ಬಹುಭಾಗದಲ್ಲಿಯೂ ಇರುವುದು ಎರೆಭೂಮಿ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುವ ಜಿಗುಟು ಮಣ್ಣು ಅದು. ಬೇಸಗೆಯಲ್ಲಿ ಕೈತೂರುವಷ್ಟು ಅಗಲದ ಬಿರುಕುಗಳು ಬಿದ್ದು, ಮೇಲಿನ ಮಣ್ಣು ಅವುಗಳೊಳಗೆ ಉದುರಿ, ಭೂಮಿಯು ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ಉತ್ತುಕೊಳ್ಳುತ್ತದೆ. ಗಜೇಂದ್ರಗಡದ ಗುಡ್ಡಗಳ ಕಡೆಗೆ ಹೋದಂತೆ ಮಸಾರಿಯೂ ಕಲ್ಲು ಬೆರೆತ ಕೆಂಪು ನೆಲವೂ ಇಳಿಜಾರೂ ಎದುರಾಗುತ್ತವೆ. ಒಂದೇ ಟ್ರ್ಯಾಕ್ಟರು ಈ ಎರಡು ನೆಲಗಳಲ್ಲಿ ಎರಡು ಬೇರೆ ಯಂತ್ರಗಳಂತೆ ವರ್ತಿಸುತ್ತದೆ.

ಇನ್ನು ಬಲದ ವಿಚಾರ. 24 ಅಶ್ವಶಕ್ತಿಯೆಂದರೆ ಇಂಜಿನಿನ ಸಾಮರ್ಥ್ಯ, ಎಳೆಯುವ ಬಲವಲ್ಲ. ಗಾಲಿಯು ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ಗಾಲಿಯನ್ನು ಮುಂದಕ್ಕೆ ತಳ್ಳುತ್ತದೆ. ಈ ತಳ್ಳುವಿಕೆಗೆ ಮಿತಿ ಹಾಕುವುದು ಗಾಲಿಯ ಮೇಲಿನ ಭಾರ ಮತ್ತು ಮಣ್ಣಿನ ಹಿಡಿತ. ಟ್ರ್ಯಾಕ್ಟರಿನ ತೂಕ 800 ಕಿಲೋಗ್ರಾಂ, ಅದರಲ್ಲಿ ಹಿಂದಿನ ಗಾಲಿಗಳ ಮೇಲೆ 500 ಕಿಲೋಗ್ರಾಂ ಎಂದು ಹಿಡಿಯೋಣ. ಸಡಿಲಾದ ಹೊಲದಲ್ಲಿ ಗಾಲಿಯ ಮೇಲಿನ ಭಾರದ ಹತ್ತರಲ್ಲಿ ನಾಲ್ಕು ಪಾಲು ಎಳೆತವಾಗಿ ದೊರೆಯುತ್ತದೆಂದರೆ, ಹಿಂದಿನ ಎರಡು ಗಾಲಿಗಳು ಮಾತ್ರ ಎಳೆಯುವ ಟ್ರ್ಯಾಕ್ಟರು 200 ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆಯಬಲ್ಲದು. ನಾಲ್ಕೂ ಗಾಲಿಗಳು ಎಳೆಯುವಂತಿದ್ದರೆ ಅದು 320 ಆಗುತ್ತದೆ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ 200 ಕಿಲೋಗ್ರಾಂ ಬಲವೆಂದರೆ ಸುಮಾರು 2,180 ವಾಟ್, ಅಂದರೆ ಹತ್ತಿರಹತ್ತಿರ 3 ಅಶ್ವಶಕ್ತಿ! ಮಿಕ್ಕ 21 ಅಶ್ವಶಕ್ತಿಯು ಇಂಜಿನಿನಲ್ಲಿದ್ದರೂ ಈ ವೇಗದಲ್ಲಿ ನೇಗಿಲಿನವರೆಗೆ ಬರಲು ದಾರಿಯಿಲ್ಲ. ಹೆಚ್ಚು ಒತ್ತಿದರೆ ಗಾಲಿ ಇದ್ದಲ್ಲಿಯೇ ತಿರುಗಿ ಡೀಸೆಲ್ ಉರಿಯುತ್ತದೆ, ಅಷ್ಟೆ.

ಈಗ ನೇಗಿಲನ್ನು ಕಟ್ಟೋಣ. 25 ಸೆಂಟಿಮೀಟರ್ ಅಗಲದ ಒಂದು ನೇಗಿಲು 15 ಸೆಂಟಿಮೀಟರ್ ಆಳಕ್ಕೆ ಹೋದರೆ ಕತ್ತರಿಸಬೇಕಾದ ಮಣ್ಣಿನ ಅಡ್ಡಕೊಯ್ತ 375 ಚದರ ಸೆಂಟಿಮೀಟರ್. ಜಿಗುಟಾದ ಎರೆಮಣ್ಣಿಗೆ ಚದರ ಸೆಂಟಿಮೀಟರಿಗೆ 0.7 ಕಿಲೋಗ್ರಾಂ ಬಲ ಬೇಕೆಂದು ಹಿಡಿದರೆ ಒಟ್ಟು 262 ಕಿಲೋಗ್ರಾಂ. ಎರಡು ಗಾಲಿಗಳ ಎಳೆತ ಅದಕ್ಕೆ ಸಾಲದು. ಆಳವನ್ನು 10 ಸೆಂಟಿಮೀಟರಿಗೆ ಇಳಿಸಿದರೆ 175 ಆಗುತ್ತದೆ, ಆಗ ಸಾಗೀತು. ಹಗುರವಾದ ಮಸಾರಿಯಲ್ಲಿ 0.4 ಎಂದಿಟ್ಟುಕೊಂಡರೆ 15 ಸೆಂಟಿಮೀಟರ್ ಆಳಕ್ಕೂ 150 ಕಿಲೋಗ್ರಾಂ ಸಾಕು. ಈ ಅಂಕಿಗಳು ಹಸಿಯಿದ್ದಂತೆ, ವೇಗವಿದ್ದಂತೆ ಬದಲಾಗುತ್ತವೆಯೆಂಬುದನ್ನು ಓದುಗರು ಮರೆಯಬಾರದು. ನಮ್ಮ ಹಿರಿಯರು ಎರೆಹೊಲದ ಕರಕಿಯನ್ನು ಕೀಳಲು ದೊಡ್ಡ ನೇಗಿಲಿಗೆ ನಾಲ್ಕಾರು ಜೋಡಿ ಎತ್ತುಗಳನ್ನು ಒಂದರ ಮುಂದೊಂದು ಕಟ್ಟುತ್ತಿದ್ದುದು ಆಡಂಬರಕ್ಕಲ್ಲ. ಒಂದು ಜೋಡಿ ಎತ್ತು ದಿನವಿಡೀ ದುಡಿಯುವಾಗ ಸುಮಾರು 80 ಕಿಲೋಗ್ರಾಮಿನಷ್ಟೇ ಎಳೆಯುತ್ತದೆ.

ಬೀಳುಭೂಮಿಯಲ್ಲಿ ಕರಕಿ ಇದ್ದೇ ಇರುತ್ತದೆ. ಅದಕ್ಕೆ ಬೇಸಗೆಯಲ್ಲಿ ಆಳವಾಗಿ ಉತ್ತು ಬೇರುಗಳನ್ನು ಬಿಸಿಲಿಗೆ ಹಾಕುವುದೊಂದೇ ನೆಚ್ಚಬಹುದಾದ ಉಪಾಯ. ಆ ಕೆಲಸಕ್ಕೆ ಸಣ್ಣ ಟ್ರ್ಯಾಕ್ಟರು ತಕ್ಕುದಲ್ಲ. ಒಮ್ಮೆ ಮಾತ್ರ ಆಗಬೇಕಾದ ಈ ಉಳುಮೆಗೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ಕರೆಸುವುದೇ ಲೇಸೆಂದು ನಮ್ಮ ಮತ. ಪಲ್ಟಿ ನೇಗಿಲನ್ನು ನಾವು ಪಟ್ಟಿಯಿಂದ ಹೊಡೆದುಹಾಕುತ್ತೇವೆ.

ಹಗುರವಾದ ಟ್ರ್ಯಾಕ್ಟರು ಇಷ್ಟಾದರೂ ಎಳೆಯುವುದಕ್ಕೆ ಹ್ಯಾರಿ ಫರ್ಗುಸನ್ ಎಂಬ ಐರಿಶ್ ಯಂತ್ರಜ್ಞನನ್ನು ನೆನೆಯಬೇಕು. ಕೆಳಗೆರಡು ತೋಳು, ಮೇಲೊಂದು ತೋಳು ಸೇರಿ ಮೂರು ಬಿಂದುಗಳಲ್ಲಿ ಸಲಕರಣೆಯನ್ನು ಹಿಡಿಯುವ ಅವನ ಏರ್ಪಾಡು 1936ರಲ್ಲಿ ಮಾರುಕಟ್ಟೆಗೆ ಬಂದ ಅವನ ಟ್ರ್ಯಾಕ್ಟರಿನಲ್ಲಿಯೂ, 1939ರಲ್ಲಿ ಫೋರ್ಡ್ ಕಂಪನಿಯೊಡನೆ ಹೊರತಂದ ಟ್ರ್ಯಾಕ್ಟರಿನಲ್ಲಿಯೂ ಇತ್ತು. ಇಂದು ಅದು ಎಲ್ಲೆಡೆಯೂ ಇದೆ. ಇದರಿಂದ ಸಲಕರಣೆಯ ತೂಕವೂ ಮಣ್ಣು ಅದನ್ನು ಕೆಳಕ್ಕೆಳೆಯುವ ಬಲವೂ ಹಿಂದಿನ ಗಾಲಿಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಆದರೆ ಮುಂದಿನ ಗಾಲಿಗಳು ಅಷ್ಟರಮಟ್ಟಿಗೆ ಹಗುರವಾಗುತ್ತವೆ. ಬೊಡ್ಡೆಯನ್ನೋ ಬಂಡೆಯನ್ನೋ ಎಳೆಯಲು ಸರಪಳಿಯನ್ನು ಮೇಲಿನ ತೋಳಿನ ಕೊಂಡಿಗೆ ಕಟ್ಟುವವರುಂಟು. ಎಳೆತವು ನೆಲದಿಂದ 40 ಸೆಂಟಿಮೀಟರ್ ಎತ್ತರದಲ್ಲಿರುವ ಬದಲು 80ರಲ್ಲಿದ್ದರೆ, ಟ್ರ್ಯಾಕ್ಟರನ್ನು ಹಿಂದಕ್ಕೆ ಮಗುಚುವ ಪರಿಣಾಮ ಇಮ್ಮಡಿಯಾಗುತ್ತದೆ. ಮುಂಭಾಗ ಎದ್ದು ಚಾಲಕನ ಮೇಲೆಯೇ ಬೀಳಲು ಒಂದೆರಡು ಕ್ಷಣ ಸಾಕು. ಸರಪಳಿಯನ್ನು ಯಾವಾಗಲೂ ಅಚ್ಚಿಗಿಂತ ಕೆಳಗಿನ ಎಳೆಪಟ್ಟಿಗೇ ಕಟ್ಟಬೇಕು.

ಗಾಲಿಯ ಹಿಡಿತವನ್ನು ನಂಬದೆ ಇಂಜಿನಿನ ಸಾಮರ್ಥ್ಯವನ್ನು ನೇರವಾಗಿ ಬಳಸುವ ಮಾರ್ಗವೂ ಉಂಟು. ಅದೇ ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ದಂಡ. ರೋಟಾವೇಟರು ಇದರಿಂದಲೇ ನಡೆಯುತ್ತದೆ. ಅದರ ಅಲಗುಗಳು ಮಣ್ಣನ್ನು ಹಿಂದಕ್ಕೆಸೆಯುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುವುದರಿಂದ ಎಳೆತದ ಚಿಂತೆಯೇ ಇಲ್ಲ. ಒಂದು ಮೀಟರ್ ಅಗಲದ್ದು ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ನಡೆದು, ತಿರುವುಗಳಲ್ಲಿ ಕಾಲುಭಾಗ ಹೊತ್ತು ಕಳೆದರೂ, ಎರಡು ಗಂಟೆಯೊಳಗೆ ಒಂದು ಎಕರೆ ಮುಗಿಸುತ್ತದೆ. ಹಾಗೆಂದು ಇದನ್ನೇ ಮೊದಲು ಕೊಳ್ಳಬೇಕೆ? ಅವಸರ ಬೇಡ. ಕರಕಿಯಿರುವ ನೆಲದಲ್ಲಿ ಅದು ಬಳ್ಳಿಯನ್ನು ತುಂಡುತುಂಡು ಮಾಡಿ ಗಿಣ್ಣುಗಿಣ್ಣಿಗೂ ಹೊಸ ಗಿಡವೆಬ್ಬಿಸುತ್ತದೆ. ಗಜೇಂದ್ರಗಡದ ಕಲ್ಲುನೆಲದಲ್ಲಿ ಅಲಗುಗಳೇ ಮುರಿಯುತ್ತವೆ. ಮಣ್ಣನ್ನು ಹಿಟ್ಟಿನಂತೆ ಮಾಡಿದರೆ ಮೊದಲ ಬಿರುಮಳೆಯೇ ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನೇ ನಂಬಿದ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಮಲಪ್ರಭಾ ಕಾಲುವೆಯ ನೀರು ದೊರೆಯುವ ನರಗುಂದದ ಹೊಲಗಳಲ್ಲಿ ಅದಕ್ಕೆ ಹೆಚ್ಚು ಕೆಲಸ ಸಿಕ್ಕೀತು.

ಪಿ.ಟಿ.ಓ. ದಂಡದ ಬಗ್ಗೆ ಇನ್ನೊಂದು ಲೆಕ್ಕ. ಅದು ನಿಮಿಷಕ್ಕೆ 540 ಸುತ್ತು, ಎಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಅದರ ವ್ಯಾಸ 35 ಮಿಲಿಮೀಟರ್, ಪರಿಧಿ ಸುಮಾರು 11 ಸೆಂಟಿಮೀಟರ್. ಧೋತರದ ಅಂಚೋ ಸೀರೆಯ ಸೆರಗೋ ಸಿಕ್ಕರೆ ಸೆಕೆಂಡಿಗೆ ಒಂದು ಮೀಟರಿನಂತೆ ಒಳಕ್ಕೆ ಸುತ್ತಿಕೊಳ್ಳುತ್ತದೆ. ಕೂಗಿ ಕರೆಯುವುದರೊಳಗೆ ಮನುಷ್ಯನು ದಂಡದ ಮೇಲಿರುತ್ತಾನೆ. ದಂಡದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಗ್ರೀಸು ಹಚ್ಚಲು ಅಡ್ಡಿಯೆಂದು ಕಿತ್ತೆಸೆಯುವ ವಾಡಿಕೆ ಇನ್ನೂ ಇದೆ. ಹೊದಿಕೆಯಿಲ್ಲದ ಯಂತ್ರವನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು.

ಹೊಸ ನೆಲೆಯಲ್ಲಿ ಉಳುಮೆಗಿಂತ ಹೊರುವ ಕೆಲಸವೇ ಹೆಚ್ಚು: ಕಲ್ಲು, ಗೊಬ್ಬರ, ನೀರಿನ ಟಾಕಿ. ಆದುದರಿಂದ ಟ್ರೇಲರು ಮೊದಲ ಸಾಲಿಗೆ ಬರುತ್ತದೆ. ಆದರೆ ಹತ್ತಕ್ಕೊಂದರ ಏರನ್ನು ಒಂದೂವರೆ ಟನ್ನಿನ ಟ್ರೇಲರಿನೊಡನೆ ಹತ್ತಬೇಕಾದರೆ, ಟ್ರೇಲರಿನ ಭಾರದಿಂದ 150, ಟ್ರ್ಯಾಕ್ಟರಿನ ಭಾರದಿಂದ 80, ಕಚ್ಚಾರಸ್ತೆಯಲ್ಲಿ ಗಾಲಿ ಉರುಳುವ ತಡೆ ಇಪ್ಪತ್ತಕ್ಕೊಂದು ಪಾಲೆಂದರೆ 75, ಒಟ್ಟು 305 ಕಿಲೋಗ್ರಾಂ ಬೇಕು. ಎರಡು ಗಾಲಿಗಳ ಟ್ರ್ಯಾಕ್ಟರಿಗೆ ಇದು ಅಸಾಧ್ಯ. ನಾಲ್ಕು ಗಾಲಿಗಳದಕ್ಕೂ ಕಷ್ಟವೇ. ಇಳಿಯುವಾಗ ಬ್ರೇಕಿಲ್ಲದ ಟ್ರೇಲರು ತನಗಿಂತ ಹಗುರವಾದ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಗಜೇಂದ್ರಗಡದ ಕಡೆಯವರು ಅರ್ಧ ಹೇರನ್ನೇ ಎರಡು ಸಲ ಸಾಗಿಸುವುದು ಕ್ಷೇಮ.

ನಮ್ಮ ಆಯ್ಕೆ ಹೀಗೆ: ಟ್ರೇಲರು, ಐದು ಹಲ್ಲಿನ ಕಲ್ಟಿವೇಟರು, ಒಡ್ಡು ಹಾಕಲೂ ನೆಲ ಸಮ ಮಾಡಲೂ ಒಂದು ಬ್ಲೇಡು. ಎರೆಭೂಮಿಯವರು ಇವುಗಳೊಡನೆ ಟ್ರ್ಯಾಕ್ಟರಿಗೆ ಕಟ್ಟುವ ಕುಂಟೆಯನ್ನು ಸೇರಿಸಿಕೊಳ್ಳಬೇಕು. ಮುಂಗಾರಿನಲ್ಲಿ ಹೊಲವನ್ನು ಹರಗುತ್ತ ಹಸಿಯನ್ನು ಕೂಡಿಟ್ಟು ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ ಬಿತ್ತುವ ಪದ್ಧತಿಗೆ ಕುಂಟೆಯೇ ಜೀವಾಳ. ಅದು ಕೇಳುವ ಬಲವೂ ಕಡಿಮೆ. ವರ್ಷಕ್ಕೆ ಎರಡು ದಿನ ಮಾತ್ರ ಬೇಕಾಗುವ ಗುಂಡಿ ತೋಡುವ ಯಂತ್ರ, ಕೂರಿಗೆ, ರೋಟಾವೇಟರುಗಳನ್ನು ಬಾಡಿಗೆಗೆ ತರಬಹುದು, ಇಲ್ಲವೆ ನಾಲ್ಕು ಮನೆಯವರು ಕೂಡಿ ಕೊಳ್ಳಬಹುದು. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಕೃಷಿಕರ ಸಹಕಾರ ಸಂಘ ಕಟ್ಟಿದ ಗದಗ ಸೀಮೆಗೆ ಇದು ಹೊಸ ಪಾಠವೇನಲ್ಲ.

ಕೊಂಡ ಮೇಲೆ ಸಲಕರಣೆ ಟ್ರ್ಯಾಕ್ಟರಿಗೆ ಹೊಂದಿದೆಯೆ ಎಂದು ತಿಳಿಯಲು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಸಲಕರಣೆಯನ್ನು ಮೇಲೆತ್ತಿಕೊಂಡು ಹೊಲದಲ್ಲಿ ಗಾಲಿಯು 10 ಸುತ್ತು ಉರುಳುವಷ್ಟು ದೂರ ನಡೆಸಿ ಅಳೆಯಿರಿ. ಅದು 30 ಮೀಟರ್ ಇದ್ದಿತೆನ್ನೋಣ. ಬಳಿಕ ಸಲಕರಣೆಯನ್ನು ಇಳಿಸಿ, ಉಳುತ್ತಲೇ ಮತ್ತೆ 10 ಸುತ್ತು ನಡೆಸಿ ಅಳೆಯಿರಿ. ಈಗ 27 ಮೀಟರ್ ಬಂದರೆ ಜಾರಿಕೆ ನೂರಕ್ಕೆ 10. ಅದು ಸರಿಯಾದ ಪ್ರಮಾಣ. 24 ಮೀಟರೇ ಬಂದರೆ ಜಾರಿಕೆ ನೂರಕ್ಕೆ 20. ಆಗ ಆಳವನ್ನು ಎರಡು ಬೆರಳು ಕಡಿಮೆ ಮಾಡಿ ಅಥವಾ ಕಲ್ಟಿವೇಟರಿನ ಎರಡು ಹಲ್ಲು ಬಿಚ್ಚಿ ಮತ್ತೊಮ್ಮೆ ಅಳೆಯಬೇಕು. ಅಳೆಯುವವರು ನಡೆಯುತ್ತಿರುವ ಟ್ರ್ಯಾಕ್ಟರಿನ ಪಕ್ಕದಲ್ಲಿ, ಗಾಲಿಯಿಂದ ಎರಡು ಮಾರು ದೂರ ನಿಂತಿರಲಿ.